ದೇವಸ್ಥಾನಕ್ಕಷ್ಟೇ ಓಡಿದ ಕಾರು

ಸೆಕೆಂಡ್ ಹ್ಯಾಂಡ್ ಕಾರು ಇರುವ ಮನೆಯಲ್ಲಿ ವಾರಕ್ಕೊಂದು ಪ್ರಸಂಗ ನಡೆಯಲಿಲ್ಲವೆಂದರೆ ಕಾರು ಕಳುವಾಗಿದೆ ಎಂದೇ ಅರ್ಥ. ನಮ್ಮದು ಇನ್ನೂ ಕಳುವಾಗಿಲ್ಲ.

ನಾನು ಜಯನಗರದ ಒಂದು ಶಾಲೆಯಲ್ಲಿ ವಿಜ್ಞಾನದ ಮೇಡಂ. ನಲವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ನನ್ನದೇ ದುಡ್ಡಿನಲ್ಲಿ ಒಂದು ಪುಟ್ಟ ಹಳೆಯ ಕಾರು ಕೊಂಡೆ. ನಮ್ಮ ಯಜಮಾನರು ಬೇಡ ಅನ್ನಲಿಲ್ಲ. "ತಗೋ. ಆದ್ರೆ ನಾನು ಇಳಿದು ತಳ್ಳಬೇಕಾಗಿ ಬಂದ ದಿನ ಮಾರಿಬಿಡೋಣ" ಎಂದರು. ನಾನು ಒಪ್ಪಿಕೊಂಡೆ. ಜೀವನದಲ್ಲಿ ಮೊದಲ ಸಲ ಕಾರಿನ ಕೀ ಕೈಗೆ ಬಂದವರು ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತಾರೆ.

ಒಬ್ಬರೇ ಓಡಿಸಿದ್ದು

ಕಾರು ಮಾರಿದವರು ತ್ಯಾಗರಾಜನಗರದ ಒಬ್ಬ ರಿಟೈರ್ಡ್ ಆಫೀಸರು. ಮಗಳನ್ನು ಧಾರೆ ಎರೆದು ಕೊಡುವವರ ಹಾಗೆ ಕಣ್ಣು ಒದ್ದೆ ಮಾಡಿಕೊಂಡೇ ಕೀ ಕೊಟ್ಟರು. ಒಂಬತ್ತು ವರ್ಷದಲ್ಲಿ ದೇವಸ್ಥಾನ ಬಿಟ್ಟರೆ ಬೇರೆಲ್ಲಿಗೂ ಹೋಗಿಲ್ಲವಂತೆ. ಸೀಟಿನ ಪ್ಲಾಸ್ಟಿಕ್ ಕವರು ಕೂಡ ಹಾಗೇ ಇತ್ತು. ಇಂಥ ಗಾಡಿ ಸಿಗಲು ಪುಣ್ಯ ಮಾಡಿರಬೇಕು ಎಂದುಕೊಂಡೆ.

ಎರಡನೇ ವಾರಕ್ಕೇ ಎಂಜಿನ್ ಕಾದು ಹೊಗೆಯಾಡಿತು. ಕತ್ರಿಗುಪ್ಪೆಯ ಮೆಕ್ಯಾನಿಕ್ಕು ಬಾನೆಟ್ ಎತ್ತಿ ಒಳಗೆ ಟಾರ್ಚ್ ಬಿಟ್ಟು ನೋಡಿದ. ನೀರು ಹೋಗುವ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆ, ಟೈರು ನಿಂತು ನಿಂತೇ ಗಟ್ಟಿಯಾಗಿವೆ, ವೈರಿಂಗನ್ನು ಇಲಿ ಕಡಿದಿದೆ ಎಂದು ಒಂದೊಂದಾಗಿ ಹೇಳಿದ. ಇಷ್ಟು ಕಡಿಮೆ ಓಡಿದ ಗಾಡಿಗೆ ಇದೆಲ್ಲ ಹೇಗಪ್ಪಾ ಎಂದು ಕೇಳಿದೆ.

"ಓಡಿಲ್ಲ ಅಂತಾನೇ ಮೇಡಂ ಹಿಂಗಾಗಿರೋದು. ಇದರೊಳಗೆ ಇಲಿ ಓಡಾಡಿರೋ ಅಷ್ಟು ದೂರ ಈ ಗಾಡಿ ಓಡಾಡಿಲ್ಲ."

ಹೇಗೂ ಬಿಚ್ಚಿದ್ದೀವಲ್ಲ

ಒಂದು ಸಂಜೆ ಬಿಟಿಎಂ ಲೇಔಟಿನ ಸಿಗ್ನಲ್ಲಿನಲ್ಲಿ ಏನೋ ಸುಟ್ಟ ವಾಸನೆ ಬಂತು. ಪಕ್ಕದ ಕಾರಿನವರದ್ದು ಎಂದುಕೊಂಡು ಅವರನ್ನು ಒಂದು ಥರಾ ನೋಡಿದೆ. ಅವರೂ ನನ್ನನ್ನು ಹಾಗೇ ನೋಡುತ್ತಿದ್ದರು. ಹಸಿರು ದೀಪ ಬಂದಾಗ ಅವರು ಹೋದರು, ವಾಸನೆ ನನ್ನ ಜೊತೆ ಉಳಿಯಿತು.

ಕ್ಲಚ್ ಪ್ಲೇಟ್ ಸುಟ್ಟಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಕಾಲನ್ನು ಅರ್ಧ ಕ್ಲಚ್ಚಿನ ಮೇಲೇ ಇಟ್ಟಿರುತ್ತೀರಾ ಎಂದು ಮೆಕ್ಯಾನಿಕ್ಕು ಕೇಳಿದ. ಹೌದೆಂದೆ. ಹಾಗೆ ಇಟ್ಟರೆ ತಿಕ್ಕಾಡಿ ಬಿಸಿಯಾಗಿ ಸವೆಯುತ್ತದೆ ಎಂದು ನಿಧಾನವಾಗಿ, ಎರಡು ಅಂಗೈ ಉಜ್ಜಿ ತೋರಿಸಿ ಬಿಡಿಸಿ ಹೇಳಿದ. ಅವತ್ತು ಬೆಳಿಗ್ಗೆ ಎಂಟನೇ ಕ್ಲಾಸಿಗೆ ಘರ್ಷಣೆಯ ಪಾಠ ಮಾಡಿ ಬಂದವಳು ನಾನು.

ಏಳು ಸಾವಿರದಲ್ಲಿ ಮುಗಿಯುತ್ತದೆ ಎಂದಿದ್ದ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು: ಹೇಗೂ ಗೇರ್‌ಬಾಕ್ಸ್ ಇಳಿಸಿದ್ದೀವಲ್ಲ ಮೇಡಂ, ಪ್ರೆಶರ್ ಪ್ಲೇಟೂ ಹಾಕಿಬಿಡೋಣ. ಮಧ್ಯಾಹ್ನ ಇನ್ನೊಂದು: ಹೇಗೂ ಬಿಚ್ಚಿದ್ದೀವಲ್ಲ, ಬೇರಿಂಗೂ ಹಾಕಿಬಿಡೋಣ. ಸಂಜೆಗೆ ಎಂಜಿನ್ ಮೌಂಟಿಂಗ್ ಕೂಡ ಸೇರಿ ಹದಿನಾಲ್ಕು ಸಾವಿರವಾಯಿತು. ಅವನು ಮೋಸಗಾರನಲ್ಲ, ಹೇಳಿದ್ದೆಲ್ಲ ನ್ಯಾಯವಾಗಿಯೇ ಇತ್ತು. ನನಗೆ ಸಂಕಟವಾದದ್ದೂ ಅದಕ್ಕೇ, ಜಗಳ ಆಡಲೂ ಜಾಗವಿರಲಿಲ್ಲ.

ಮುಂದಿನ ವಾರ ಒಂದು ಹಲ್ಲು ಕೀಳಿಸಲು ಹೋದೆ. ಡಾಕ್ಟರು ಒಳಗೆಲ್ಲ ಇಣುಕಿ ನೋಡಿ, "ಹೇಗೂ ಬಾಯಿ ತೆಗೆದಿದ್ದೀರಲ್ಲ" ಎಂದರು. ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಕಾಲಿಗೆ ನೀರು

ಮೈದುನನ ಮಗನ ಮದುವೆಗೆ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಛತ್ರಕ್ಕೆ ಹೊರಟೆ. ಎಸಿ ಹಾಕಿದೆ. ಎಸಿಯ ನೀರು ಹೊರಗೆ ಹೋಗುವ ಪೈಪು ಕಟ್ಟಿಕೊಂಡು, ಅದೆಲ್ಲ ಒಳಗೇ, ಅವರ ಪಾದದ ಮೇಲೆ ಇಳಿಯತೊಡಗಿತು. ರೇಷ್ಮೆ ಸೀರೆಯ ಅಂಚು ತೊಯ್ದುಹೋಯಿತು. ಎಪ್ಪತ್ತೆಂಟು ವರ್ಷದ ಹೆಂಗಸು, ಇಡೀ ದಾರಿ ತುಟಿ ಬಿಚ್ಚಲಿಲ್ಲ. ಮದುವೆ ಮುಗಿದ ಮೇಲೆ ನನಗೆ ಪೂಜೆ ಕಾದಿದೆ ಎಂದುಕೊಂಡೆ.

ವಾಪಸು ಬರುವಾಗ ಅತ್ತೆ ಎಲ್ಲರನ್ನೂ ಬಿಟ್ಟು ನನ್ನ ಕಾರಿನಲ್ಲೇ ಬಂದು ಕೂತರು.

"ನಾವು ಗಂಡಿನ ಕಡೆಯವರು ಕಣೇ. ಅಷ್ಟು ದೊಡ್ಡ ಛತ್ರದಲ್ಲಿ ಒಬ್ಬರೂ ಕಾಲಿಗೆ ಒಂದು ಚೊಂಬು ನೀರು ಕೊಡ್ಲಿಲ್ಲ. ಮರ್ಯಾದೆ ಗೊತ್ತಿರೋದು ನಿನ್ನ ಕಾರಿಗೆ ಒಂದಕ್ಕೇ."

ನಾಲ್ಕು ನಿಂಬೆಹಣ್ಣು

ಅಷ್ಟರಲ್ಲಿ ಜೆ.ಪಿ. ನಗರದಲ್ಲಿರುವ ಯಜಮಾನರ ಸ್ನೇಹಿತರೊಬ್ಬರು ನಮ್ಮ ಕಾರನ್ನು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದರು. ನಾನೊಬ್ಬಳೇ ಜಗ್ಗದೆ ಕೂತಿದ್ದೆ. ಇನ್ನೂ ಯಾರೂ ತಳ್ಳಿಲ್ಲವಲ್ಲ ಎಂಬುದೊಂದೇ ನನ್ನ ವಾದ.

ಆಯುಧಪೂಜೆ ಬಂತು. ಬೆಳಿಗ್ಗೆ ಯಜಮಾನರು ಯಾರೂ ಹೇಳದೆಯೇ ಕಾರು ತೊಳೆದರು. ಸೇವಂತಿಗೆ ಹಾರ, ಬಾಳೆಕಂದು, ಅರಿಶಿನ ಕುಂಕುಮ ಎಲ್ಲ ಆಯಿತು. ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟರು. ಅಕ್ಕಪಕ್ಕದವರೆಲ್ಲ ಗೇಟಿನಲ್ಲಿ ನಿಂತರು. ಹಳೆಯ ಮಾಲೀಕರೂ ಧಾರೆ ಎರೆದು ಕೊಟ್ಟ ಮಗಳನ್ನು ನೋಡಿಕೊಂಡು ಹೋಗಲು ಬಂದಿದ್ದರು. ನಾನು ಒಳಗೆ ಕೂತು ಕೀ ತಿರುಗಿಸಿದೆ. 'ಟಿಕ್' ಎಂದಿತು. ಮತ್ತೆ ತಿರುಗಿಸಿದೆ. ಮತ್ತೆ 'ಟಿಕ್'. ಬ್ಯಾಟರಿ ಸತ್ತಿತ್ತು.

ಯಜಮಾನರು ಕೈಕಟ್ಟಿ ನಿಂತು ನೋಡುತ್ತಿದ್ದರು. ಬನಶಂಕರಿಯ ನಮ್ಮ ರಸ್ತೆ ಒಳ್ಳೆಯ ಇಳಿಜಾರು. ದೇವರ ಮೇಲೆ ಭಾರ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟೆ. ನಿಂಬೆಹಣ್ಣು ಪಚಕ್ ಪಚಕ್ ಎಂದು ಒಡೆದವು, ಕಾರು ಗಂಭೀರವಾಗಿ ಹೊರಟಿತು. ಹಿಂದಿನಿಂದ ಹಳೆಯ ಮಾಲೀಕರ ದನಿ ಕೇಳಿಸಿತು: "ಸೌಂಡೇ ಇಲ್ಲ ನೋಡಿ. ನಾನು ಇಟ್ಟಿದ್ದ ಹಾಗೇ ಇಟ್ಟುಕೊಂಡಿದಾರೆ."

ಕೆಳಗಿನ ತಿರುವಿನಲ್ಲಿ ಹೇಗೋ ನಿಲ್ಲಿಸಿ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಸ್ಪ್ಯಾನರನ್ನೆಲ್ಲ ಪೂಜೆಗೆ ಇಟ್ಟಿದ್ದೇವೆ, ಇವತ್ತು ಮುಟ್ಟುವ ಹಾಗಿಲ್ಲ ಎಂದ. ಇಳಿಜಾರಿನಲ್ಲಿ ಬರುವಾಗಲೇ ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟಿದ್ದರೆ ಸ್ಟಾರ್ಟ್ ಆಗುತ್ತಿತ್ತಂತೆ. ಈಗ ಸಮತಟ್ಟಿಗೆ ಬಂದಿದ್ದೀರಿ, ತಳ್ಳುವುದೊಂದೇ ದಾರಿ ಎಂದು ಫೋನಿಟ್ಟ.

ಅಷ್ಟರಲ್ಲಿ ಯಜಮಾನರು ರೇಷ್ಮೆ ಪಂಚೆ ಎತ್ತಿ ಹಿಡಿದು ಬಂದರು. ನನಗೆ ಅಳುವೇ ಬಂತು. ಕಾರು ಹೋಯಿತು ಎಂದುಕೊಂಡು, ನೀವೇ ಗೆದ್ದಿರಿ ಎಂದೆ. ಅವರು ಕಿಟಕಿಗೆ ಬಗ್ಗಿ ದನಿ ತಗ್ಗಿಸಿದರು.

"ಅದೇನಂದ್ರೆ... ಬೆಳಿಗ್ಗೆ ತೊಳೆದಾದ ಮೇಲೆ ಒಳಗೆ ಹಾಡು ಹಾಕ್ಕೊಂಡು ಕೂತಿದ್ದೆ. ಒಂದೆರಡು ಗಂಟೆ. ಲೈಟೂ ಉರೀತಿತ್ತೇನೋ."

ನಾನು ಕೀ ಆನ್ ಮಾಡಿ ಕೂತೆ. ಅವರು ಹಿಂದೆ ಹೋಗಿ ಪಂಚೆ ಮೇಲೆ ಕಟ್ಟಿ ತಳ್ಳಿದರು. ಎರಡನೇ ಗೇರು, ಕ್ಲಚ್ ಬಿಟ್ಟೆ, ಕಾರು ಗುರ್ ಎಂದು ಹಾರಿತು. ನಿಲ್ಲಿಸಿದರೆ ಮತ್ತೆ ಎಲ್ಲಿ ಆಫ್ ಆಗುತ್ತದೋ ಎಂದು ನಿಲ್ಲಿಸಲೇ ಇಲ್ಲ. ಒಂದು ಸುತ್ತು ಹಾಕಿ ಬಂದಾಗ ಅವರು ರಸ್ತೆ ಮಧ್ಯೆ ಕೈ ಅಡ್ಡ ಹಿಡಿದು ನಿಂತಿದ್ದರು. ಪಕ್ಕಕ್ಕೆ ತಿರುಗಿಸಿಕೊಂಡು ಮುಂದೆ ಹೋದೆ. ಎರಡನೇ ಸುತ್ತಿಗೆ ಅವರು ಓಡಿ ಬಂದರು, ನಾನು ಕೈ ಬೀಸಿದೆ. ಕೊನೆಗೆ ಅವರು ನಡೆದೇ ಮನೆ ಸೇರಿದರು.

ಸಂಜೆ ಜೆ.ಪಿ. ನಗರದ ಸ್ನೇಹಿತರ ಫೋನು ಬಂತು, ಕಾರಿನ ವಿಷಯ ಏನು ಮಾಡಿದೆ ಎಂದು. ನಾನು ಅಡುಗೆಮನೆಯಲ್ಲಿ ಒಲೆ ಆರಿಸಿ ಕಿವಿಗೊಟ್ಟೆ. ಯಜಮಾನರು ಮಂಡಿಗೆ ಮುಲಾಮು ಉಜ್ಜಿಕೊಳ್ಳುತ್ತಲೇ ಉತ್ತರ ಕೊಟ್ಟರು.

"ಇಲ್ಲ ಕಣೋ, ಕೊಡಲ್ಲ. ಪಿಕಪ್ ಎಷ್ಟು ಚೆನ್ನಾಗಿದೆ ಅಂದ್ರೆ, ಗಂಡನ್ನೇ ಬಿಟ್ಟು ಹೋಗ್ತಾಳೆ."