ನಿಮ್ಮ ಕೆಲಸ ಆತಂತ ತಿಳೀರಿ

ಹೆದರಿಕೆ ಎನ್ನುವುದು ಹೆಚ್ಚು ಓದಿದವರ ರೋಗ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಗೋಕಾಕದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟು, ಸುಟ್ಟ ಮೋಟಾರುಗಳ ಹೊಟ್ಟೆಯಿಂದ ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಸಂಸಾರ ನಡೆಸಿದವನು. ಚಾಲೂ ಲೈನಿಗೆ ಕೈ ಹಾಕಿದ್ದೇನೆ, ಹಾವು ಹೊಕ್ಕ ಸ್ಟಾರ್ಟರ್ ಡಬ್ಬಿ ತೆರೆದಿದ್ದೇನೆ, ಹೆಂಡತಿಯ ನಾಲ್ವರು ಅಣ್ಣಂದಿರ ನಡುವೆ ಕೂತು ಒಂದೇ ಗಾಡಿಯಲ್ಲಿ ಬೆಳಗಾವಿಗೆ ಹೋಗಿ ಬಂದಿದ್ದೇನೆ. ಹೆದರಿರಲಿಲ್ಲ. ಆದರೆ ಕಳೆದ ಕಬ್ಬಿನ ಹಂಗಾಮಿನಲ್ಲಿ ನಾನೇ ಬರೆದ ಮೂರು ಸಾಲು ನನ್ನನ್ನು ಎಷ್ಟು ಹೆದರಿಸಿದವೆಂದರೆ, ಈಗಲೂ ಮೊಬೈಲ್ ಟಿಂಗ್ ಎಂದರೆ ಸುತ್ತುತ್ತಿದ್ದ ತಂತಿ ಬಿಟ್ಟು ಮೊದಲು ಅದನ್ನೇ ನೋಡುತ್ತೇನೆ.

ಹುಕ್ಕೇರಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯವರು ತಮ್ಮ ಸಣ್ಣ ಮೋಟಾರುಗಳನ್ನು ನನಗೆ ಕೊಡುತ್ತಿದ್ದರು. ಅಲ್ಲಿಗೆ ಹೊಸದಾಗಿ ಬಂದ ಖರೀದಿ ಸಾಹೇಬರು ಮಂಡ್ಯದ ಕಡೆಯವರು. ಇನ್ನು ಮುಂದೆ ಮಾತುಕತೆಯೆಲ್ಲ ಇಮೇಲಿನಲ್ಲೇ ಆಗಬೇಕು ಎಂದರು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಮಗಳು ರೂಪಾ, "ಎಲ್ಲಾರಂಗ ಒಂದು ಪುಕ್ಕಟೆ ವಿಳಾಸ ತಗೊಂಡ್ರ ಸಾಕಪ್ಪಾ" ಅಂದಳು. ನಾನು ಒಪ್ಪಲಿಲ್ಲ. "ಮಂದಿ ಮನಿ ಬಾಗಲಕ್ಕ ನನ್ನ ಬೋರ್ಡ್ ಹಾಕ್ಲೇನು? ನಂದೇ ಸರ್ವರ್ ಇರ್ಲಿ" ಅಂದೆ. ಹಾಗೆ ಅಂಗಡಿಯ ಹೆಸರಿನಲ್ಲೇ ಒಂದು ಮೇಲ್ ಸರ್ವರ್ ಆಯಿತು. ಅದೂ ಬಾಡಿಗೆಯದೇ, ತಿಂಗಳು ತಿಂಗಳು ಕಟ್ಟಬೇಕು ಎಂದು ಗೊತ್ತಾದದ್ದು ಬಂಧು ಬಳಗಕ್ಕೆಲ್ಲ ಹೇಳಿ ಮುಗಿಸಿದ ಮೇಲೆ.

ಅಷ್ಟರಲ್ಲಿ ಹಿಡಕಲ್ ಹಿನ್ನೀರಿನ ದಂಡೆಯ ರೈತರ ಪಂಪುಗಳು ನೀರಲ್ಲಿ ಮುಳುಗಿ ಕೆಟ್ಟವು. ಮೂರು ದಿನ ಅಲ್ಲೇ ಇದ್ದು ಮಾಡುವ ಕೆಲಸ. ನಾನು ಇಲ್ಲದಾಗ ಪತ್ರ ಬಂದರೆ ಸರ್ವರ್ ತಾನೇ ಉತ್ತರ ಕಳಿಸುವ ವ್ಯವಸ್ಥೆ ಇದೆ ಎಂದು ರೂಪಾ ಹೇಳಿದಳು. "ಊರಲ್ಲಿಲ್ಲ, ಗುರುವಾರ ಉತ್ತರಿಸುತ್ತೇನೆ" ಎಂದು ಬರೆದೂ ತೋರಿಸಿದಳು. ನನಗೆ ಮೈ ಉರಿಯಿತು. ಅಂಗಡಿಗೆ ಬಂದವನ ಮುಖಕ್ಕೆ ಬಾಗಿಲು ಹಾಕಿದಂತಿತ್ತು ಅದು. ನಮ್ಮ ಕಡೆ ಗಿರಾಕಿಗೆ ಯಾರೂ ಮೊದಲ ಮಾತಿಗೇ ಇಲ್ಲ ಅನ್ನುವುದಿಲ್ಲ. ಮೊದಲು ಕೂಡ್ರಿಸಬೇಕು, ಚಾ ಹೇಳಬೇಕು, ಕೆಲಸ ಆದಂತೆಯೇ ಎಂದು ಧೈರ್ಯ ಕೊಡಬೇಕು. ಆಗುತ್ತದೋ ಇಲ್ಲವೋ ಎಂಬುದು ಎರಡನೆಯ ಕಪ್ಪಿನ ಹೊತ್ತಿಗೆ ತಾನಾಗಿ ತಿಳಿಯುತ್ತದೆ. ಆದ್ದರಿಂದ ನಾನೇ ಕುಳಿತು ಒಂದೊಂದೇ ಅಕ್ಷರ ಒತ್ತಿದೆ: "ನಿಮ್ಮ ಪತ್ರ ಮುಟ್ಟಿತ್ರಿ. ನಿಮ್ಮ ಕೆಲಸ ಆತಂತ ತಿಳೀರಿ. ಚಾ ಕುಡ್ಯಾಕ ಅಂಗಡಿಗೆ ಬರ್ರಿ."

ಇದೊಂದೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಸರ್ವರ್ ಒಬ್ಬರಿಗೆ ವಾರದಲ್ಲಿ ಒಮ್ಮೆ ಮಾತ್ರ ಇಂಥ ಉತ್ತರ ಕಳಿಸುವಂತೆ ಅವಳು ಇಟ್ಟಿದ್ದಳು. "ಬಂದಾವ ಮತ್ತೊಮ್ಮೆ ಬಂದ್ರ ಮಾರಿ ತಿರಗಸೂದೇನು? ಎಷ್ಟ್ ಸಲ ಬರ್ತಾರ ಅಷ್ಟ್ ಸಲ ಮಾತಾಡ್ಸಬೇಕು" ಎಂದು ಅದನ್ನೂ ಬದಲಿಸಿದೆ. ರೂಪಾ, "ನೀ ಹೇಳಿದಂಗಾಗ್ಲಿ, ಮುಂದಿಂದೂ ನೀನೇ ನೋಡ್ಕೋ" ಎಂದು ಕಾಲೇಜಿಗೆ ಹೋದಳು. ಅವಳು ಹೋದ ಮೇಲೆ ಹೊಸ ಹೆದರಿಕೆ ಹುಟ್ಟಿತು. ಸರ್ವರಿನೊಳಗೆ ಯಾರಾದರೂ ಕೈ ಹಾಕಿದರೆ? ಯಾರಿಗೂ ಹೊಳೆಯದಂಥ ಪಾಸ್‌ವರ್ಡ್ ಮಾಡಿದೆ. ನನಗೂ ಮರುದಿನ ಹೊಳೆಯಲಾರದು ಅನಿಸಿ, ಕೈಯಲ್ಲಿದ್ದ ಮಾರ್ಕರಿನಿಂದ ಎದುರಿಗಿದ್ದ ಬೋರಿನ ಮೋಟಾರಿನ ಮೈಮೇಲೆ ಬರೆದೆ. ಸುತ್ತು ಎಷ್ಟು, ತಂತಿ ಯಾವುದು ಎಂದು ನಾನು ದಿನಾ ಬರೆಯುವುದೇ ಅಲ್ಲಿ. ಮೂವತ್ತು ವರ್ಷದ ರೂಢಿ.

ಹಿಡಕಲ್‌ನಲ್ಲಿ ನಾವು ಕೆಲಸ ಮಾಡುತ್ತಿದ್ದ ಜಾಗದಲ್ಲಿ ಫೋನು ಹತ್ತುತ್ತಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ರೊಟ್ಟಿ ತಿಂದು ದಿನ್ನೆ ಏರಿದೆನೋ ಇಲ್ಲವೋ, ರೂಪಾಳ ಕರೆ ಬಂತು. ಅಂಗಡಿಯ ಪತ್ರಗಳು ಅವಳ ಮೊಬೈಲಿಗೂ ಬರುತ್ತವೆ. ಓದಬಹುದು ಅಷ್ಟೆ, ಸರ್ವರಿನ ಕೀಲಿ ನನ್ನ ಕೈಯಲ್ಲಿ.

"ಅಪ್ಪಾ, ನಿನ್ನೆಯಿಂದ ಫೋನ್ ಹಚ್ಚಾಕತ್ತೇನಿ. ಫ್ಯಾಕ್ಟರಿದು ದೊಡ್ಡ ಮೋಟಾರ್ ಸುಟ್ಟೈತಂತ. ಇನ್ನೂರು ಹಾರ್ಸ್‌ಪವರ್. ಎರಡು ದಿನದಾಗ ಮಾಡಿ ಕೊಡ್ತೀರೇನು ಅಂತ ಕೇಳ್ಯಾರ."

"ಇನ್ನೂರು? ನಮ್ಮ ಅಂಗಡಿ ಬಾಗಲದಾಗರೆ ಹಿಡಸ್ತೈತೇನ ಅದು. ಆಗೂದಿಲ್ಲಂತ ಫೋನ್ ಮಾಡಿ ಹೇಳು."

"ಏನ್ ಹೇಳ್ಲಿ? ಕೆಲಸ ಆತಂತ ತಿಳೀರಿ ಅಂತ ನೀ ಆಗಲೇ ಹೇಳಿ ಆಗೈತಿ. ಅಷ್ಟು ದೊಡ್ಡದು ನಿಮ್ಮ ಕಡೆ ಆಗ್ತದ ಏನು ಅಂತ ಮತ್ತ ಕೇಳ್ಯಾರ. ಅದಕ್ಕೂ ಆತಂತ ತಿಳೀರಿ ಅಂದಿ. ತಡಾ ಆಗಿ ಕಬ್ಬು ನುರಿಸೂದು ನಿಂತ್ರ ನೀವ ಜವಾಬ್ದಾರಿ, ಒಪ್ಪಿಗಿ ಏನು ಅಂತ ಮೂರನೇದ್ದು."

"ಅದಕ್ಕ?"

"ಚಾಕ್ಕ ಕರದೀಯಪ್ಪಾ."

ಒಪ್ಪಿದ ಕೆಲಸವನ್ನು ಒಮ್ಮೆಯೂ ವಾಪಸು ಕೊಟ್ಟವನಲ್ಲ ಎಂಬುದೊಂದೇ ನಾನು ಸಂಪಾದಿಸಿದ ಪದವಿ. ಅಂಗಡಿಯ ಗೋಡೆಯ ಮೇಲೆ ಅದಕ್ಕೆ ಕಟ್ಟು ಹಾಕಿಸಿಲ್ಲ, ಆದರೆ ಗೋಕಾಕದಿಂದ ಮೂಡಲಗಿಯವರೆಗೆ ಜನರ ಬಾಯಲ್ಲಿದೆ. ಈಗ ಒಂದು ಕಾರ್ಖಾನೆ ನಿಂತು, ಕಬ್ಬಿನ ಗಾಡಿಗಳ ಸಾಲು ಒಣಗುತ್ತ ನಿಂತು, ಪ್ರತಿ ಗಾಡಿಯವನೂ ನನ್ನ ಹೆಸರು ಹಿಡಿದು ಬೈಯುವುದು ಕಿವಿಗೆ ಕೇಳಿಸಿತು. ಮೊದಲು ಆ ಉತ್ತರವನ್ನಾದರೂ ನಿಲ್ಲಿಸೋಣವೆಂದರೆ ಪಾಸ್‌ವರ್ಡ್ ಬೇಕು. ಆ ಮೋಟಾರು ಮೂಡಲಗಿಯ ಬಸಪ್ಪ ಕಾಕಾನದು, ನಾನು ಊರು ಬಿಡುವ ಮುಂಜಾನೆಯೇ ಅವನು ಅದನ್ನು ಒಯ್ದಿದ್ದ. ಫೋನು ಮಾಡಿ, ಅದರ ಮೈಮೇಲೆ ಬರೆದದ್ದನ್ನು ಸ್ವಲ್ಪ ಓದಿ ಹೇಳು ಎಂದೆ.

"ಓದಾಕ ಹ್ಯಾಂಗ್ ಬರ್ತೈತೋ ತಮ್ಮಾ, ನಿನ್ನೆ ಬೋರಿಗಿ ಇಳಿಸೇವಿ. ಮುನ್ನೂರು ಫೂಟ್ ಕೆಳಗೈತಿ. ನೀರು ಮಾತ್ರ ಛಲೋ ಬರಾಕತ್ತೈತಿ" ಎಂದು ಹೊಗಳಿದ.

ಪಂಪುಗಳನ್ನು ಬಿಚ್ಚಿದಂತೆಯೇ ಬಿಟ್ಟು ಬಸ್ಸು ಹತ್ತಿದೆ. ಸಾಹೇಬರಿಗೆ ಫೋನು ಮಾಡಬಹುದಿತ್ತು. ಎರಡು ಸಲ ನಂಬರು ತೆಗೆದೆ, ಎರಡು ಸಲವೂ ಜೇಬಿಗಿಟ್ಟೆ. ನಾನಲ್ಲ ಹೇಳಿದ್ದು, ಮಷೀನು ಹೇಳಿತು ಎಂದು ಯಾವ ಬಾಯಿಂದ ಹೇಳುವುದು? ಸಾಲಿ ಬಿಟ್ಟವನ ಕೈಗೆ ಸರ್ವರ್ ಕೊಟ್ಟರೆ ಹೀಗೇ ಎಂದು ಅವರು ನಗುವುದು ಕಂಡಂತಾಯಿತು. ಘೋಡಗೇರಿ ದಾಟುವಾಗ ಎದುರಿಗೆ ಬಂದ ಪ್ರತಿ ಲಾರಿಯಲ್ಲೂ ಆ ಇನ್ನೂರು ಹಾರ್ಸ್‌ಪವರಿನ ಮೋಟಾರು ನನ್ನ ಅಂಗಡಿ ಹುಡುಕಿಕೊಂಡು ಹೊರಟಂತೆ ಕಾಣಿಸಿತು. ನನಗಿಂತ ಮೊದಲು ಅದೇ ಮುಟ್ಟಿರುತ್ತದೆ ಎಂದುಕೊಂಡು, ಗೋಕಾಕದಲ್ಲಿ ಇಳಿದವನು ಅಂಗಡಿಗೆ ನೇರ ದಾರಿ ಬಿಟ್ಟು ಹಿಂದಿನ ಓಣಿಯಿಂದ ಬಂದೆ. ನನ್ನ ಅಂಗಡಿಗೆ ನಾನೇ ಕಳ್ಳನಂತೆ ಇಣುಕಿದೆ.

ಲಾರಿ ಇರಲಿಲ್ಲ. ಖರೀದಿ ಸಾಹೇಬರು ಇದ್ದರು. ನನ್ನ ಸ್ಟೂಲಿನ ಮೇಲೆ ಕುಳಿತು, ನನ್ನ ಹೆಂಡತಿ ಕೊಟ್ಟ ಚಾ ಕುಡಿಯುತ್ತಿದ್ದರು. ಕಾಲೇಜಿನಿಂದ ಬಂದಿದ್ದ ರೂಪಾ ಬಾಜೂಕೆ ನಿಂತಿದ್ದಳು. ನಾನು ಮುಂಡಾಸು ಕಳಚಿ ಹಿಡಿದು, ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತನ್ನೆಲ್ಲ ಮರೆತು, "ತಪ್ಪಾತ್ರಿ ಸಾಹೇಬ್ರ, ಅಷ್ಟ್ ದೊಡ್ಡದು ನನ್ನ ಕೈಲೆ ಆಗೂದಿಲ್ರಿ" ಅಂದೆ. ಮೂವತ್ತು ವರ್ಷದಲ್ಲಿ ಗಿರಾಕಿಗೆ ಮೊದಲ ಮಾತಿಗೇ ಇಲ್ಲ ಅಂದದ್ದು ಅಂದೇ.

ಸಾಹೇಬರು ನಕ್ಕರು. "ಗೊತ್ತು ಕಣ್ರೀ. ಮೊದಲನೇ ಉತ್ತರ ನಂಬಿದ್ದೆ. ಮೂರನೇದು ಬಂದಾಗ ಅನುಮಾನ ಬಂತು. ನಾಲ್ಕನೇದು ಪರೀಕ್ಷೆಗೆ ಅಂತ ಬರೆದೆ. ನೋಡಿ." ಮೊಬೈಲ್ ಮುಂದೆ ಹಿಡಿದರು. 'ನಮ್ಮ ಕಾರ್ಖಾನೆಯ ಚಿಮಣಿಯನ್ನು ಕಿತ್ತು ನಾಳೆ ಬೆಳಿಗ್ಗೆಯೊಳಗೆ ಗೋಕಾಕಕ್ಕೆ ಒಯ್ಯಲು ನಿಮ್ಮಿಂದ ಸಾಧ್ಯವೇ?' ಎಂದು ಬರೆದಿತ್ತು. ಅದರ ಕೆಳಗೆ ನನ್ನ ಅಂಗಡಿಯ ಹೆಸರಿನಲ್ಲಿ, ನನ್ನದೇ ಅಕ್ಷರಗಳಲ್ಲಿ, ಚಿಮಣಿಯ ಕೆಲಸ ಆತಂತ ತಿಳಿಯಲು ಅಭಯ.

"ಮೋಟಾರು ನಿನ್ನೆಯೇ ಕೊಲ್ಲಾಪುರಕ್ಕೆ ಹೋಯ್ತು. ನಾಲ್ಕು ಸಲ ಟೀಗೆ ಕರೆದಿದ್ರಲ್ಲ, ಬರದಿದ್ರೆ ತಪ್ಪಾಗುತ್ತೆ ಅಂತ ಬಂದೆ" ಅಂದರು.

ಎದೆಯ ಮೇಲಿಂದ ಇನ್ನೂರು ಹಾರ್ಸ್‌ಪವರ್ ಇಳಿಯಿತು. ಆದರೆ ಅದು ಇಳಿದ ಜಾಗದಲ್ಲಿ ಏನೋ ಚುಚ್ಚಿತು. ನನ್ನ ಮಾತನ್ನು ಯಾರೋ ಒಬ್ಬರು ನಂಬಿ ಕೆಟ್ಟರು ಎಂದು ಹೆದರಿ ಓಡಿ ಬಂದವನಿಗೆ, ಮೂರನೆಯ ಸಲಕ್ಕೇ ಅದನ್ನು ನಂಬುವುದು ಬಿಟ್ಟಿದ್ದರು ಎಂದು ಕೇಳುವುದು ಅಷ್ಟೇನೂ ಸುಖದ ಸುದ್ದಿಯಲ್ಲ. ಆ ಬೇಸರದಲ್ಲಿ ನಾನಿರುವಾಗಲೇ ಸಾಹೇಬರು ಕಪ್ಪು ಕೆಳಗಿಟ್ಟು, "ಅದಿರಲಿ, ಆರು ಸಣ್ಣ ಮೋಟಾರು ಇದಾವೆ. ಎಂಟು ದಿನದಲ್ಲಿ ನಿಜವಾಗ್ಲೂ ಆಗುತ್ತಾ?" ಎಂದು ಕೇಳಿದರು.

"ನಿಮ್ಮ ಕೆಲಸ ಆತಂತ ತಿಳೀರಿ" ಅಂದೆ.

ಸಾಹೇಬರು ನನ್ನನ್ನು ನೋಡಿ, ಆಮೇಲೆ ರೂಪಾಳ ಕಡೆ ತಿರುಗಿ, "ಈಗ ಹೇಳಿದ್ದು ಯಾರಮ್ಮಾ? ನಿಮ್ಮ ತಂದೆಯೋ, ಸರ್ವರೋ?" ಅಂದರು.

"ಸರ್ವರ್ ಆಗಿದ್ರ ಬಂದ್ ಮಾಡಬೋದಿತ್ರಿ ಸರ್" ಅಂದಳು ಮಗಳು.

ಆರು ಮೋಟಾರುಗಳನ್ನು ಏಳೇ ದಿನದಲ್ಲಿ ಮುಗಿಸಿ ಕೊಟ್ಟೆ. ಹೆದರಿಕೆಯಿಂದ ಇಷ್ಟು ಚೊಕ್ಕ ಕೆಲಸ ಆಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ಇನ್ನೂ ಎರಡು ಇಯತ್ತೆ ಓದುತ್ತಿದ್ದೆನೋ ಏನೋ.