ಒಂದೇ ಪೈಪಿಗೆ ಎರಡು ಪಂಪು

ನನ್ನ ಭಾವಮೈದುನನಷ್ಟು ಪರೋಪಕಾರಿ ಇಡೀ ಸುಳ್ಯ ತಾಲೂಕಿನಲ್ಲಿಲ್ಲ. ಆದ್ದರಿಂದಲೇ ಅವನು ತನ್ನೂರು ಗುತ್ತಿಗಾರಿನಲ್ಲಿ ನಾನಿರುವ ಪುತ್ತೂರಿನ ಬಸ್ಸು ಹತ್ತಿದನೆಂದು ತಿಳಿದರೆ ನನ್ನ ರಕ್ತ ಕುದಿಯುತ್ತದೆ!

ಹಳೆಯದನ್ನು ಕಳಚಲು ಒಪ್ಪುವ ಜಾಯಮಾನವಲ್ಲ ಅವನದು. ಮನೆಯ ಬಾವಿಗೆ ಹೊಸ ಪಂಪು ತಂದಾಗ ಹಳೆಯದನ್ನೂ ಅದೇ ಪೈಪಿಗೆ ಜೋಡಿಸಿದ್ದ. ಹೊಸತು ಎತ್ತಿದ ನೀರು ಹಳೆಯದರ ಮೂಲಕ ಪುನಃ ಬಾವಿಗಿಳಿಯಿತು. ಟಾಂಕಿಯಲ್ಲಿ ಹನಿ ನೀರಿಲ್ಲವೆಂದು ಹೆಂಡತಿ ರೇಗಿದರೆ, "ಪೋಲಾಗ್ಲಿಲ್ಲವಲ್ಲಾ ಮಾರಾಯ್ತಿ, ಬಾವಿಯಲ್ಲೇ ಉಂಟು" ಎಂದನಂತೆ.

ಇಂಥವನ ಕೈಗೆ ನನ್ನ ಲಿನಕ್ಸ್ ಕಂಪ್ಯೂಟರು ಸಿಕ್ಕಿತು! ಶಾಸನಗಳ ತಿಥಿ, ವಾರಗಳನ್ನು ತಾಳೆ ನೋಡಲು ನನ್ನ ದಿವಂಗತ ಪತ್ನಿ ಬರೆದ ಪ್ರೋಗ್ರಾಮು ಅದರಲ್ಲಿದೆ. ಅದಿಲ್ಲದೆ ನನ್ನ ಪುಸ್ತಕದ ಒಂದು ದಿನಾಂಕವನ್ನೂ ನಾನು ಮುದ್ರಣಕ್ಕೆ ಬಿಡಲಾರೆ. ಅದನ್ನು ಯಂತ್ರದ ಭಾಷೆಗೆ ತಿರುಗಿಸಲು ಬೇಕಾದ ಕಂಪೈಲರು ಹಳೆಯದು. ಶಾಸನಗಳ ನೆಲೆ ತೋರಿಸುವ ನಕಾಶೆಯ ಪ್ರೋಗ್ರಾಮಿಗೆ ಬೇಕಾದದ್ದು ಹೊಸದು. ಭಾವಮೈದುನ ಎರಡನ್ನೂ ಹಾಕಿದ. ಹಾಕಲಿ! ಆದರೆ ಪ್ರೋಗ್ರಾಮುಗಳು ಓಡುವಾಗ ಹುಡುಕಿಕೊಂಡು ಹೋಗುವ ಲೈಬ್ರರಿ ಕಡತಗಳ ಹೆಸರು ಎರಡರಲ್ಲೂ ಒಂದೇ ಆಗಿದ್ದರೂ, ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿಯುವುದೇ? ಹೊಸದರ ಜಾಗದಲ್ಲಿ ಹಳೆಯದು ಕುಳಿತು ನಕಾಶೆ ತೆರೆಯಲಿಲ್ಲ. ಸರಿಪಡಿಸುವೆನೆಂದು ಹೊಸದನ್ನು ಕೂರಿಸಿದ. ಪತ್ನಿಯ ಪ್ರೋಗ್ರಾಮು ಸ್ತಬ್ಧವಾಯಿತು. ಮತ್ತದೇ ಬಾವಿಯಿಂದ ಬಾವಿಗೆ!

ಹದಿನೈದು ದಿನ ಹೀಗೇ ಸಾಗಿತು. ಕೊನೆಗೆ ಸಿಟ್ಟು ತಡೆಯದೆ, ಆ ಪ್ರೋಗ್ರಾಮನ್ನೇ ತಿದ್ದಿ ಹೊಸ ಕಂಪೈಲರಿಗೆ ಒಗ್ಗಿಸಲು ಹೇಳಿದೆ.

"ಅಕ್ಕ ಬರೆದದ್ದಕ್ಕೆ ನಾನು ಕೈ ಹಾಕುದಿಲ್ಲ ಭಾವ."

"ಹಾಗಾದರೆ ನನ್ನ ಕಂಪ್ಯೂಟರಿಗೆ ಯಾಕೆ ಹಾಕಿದ್ದು?"

"ಅದು ಅಂಗಡಿಯಿಂದ ತಂದದ್ದಲ್ವಾ?"

ಸುಳ್ಯದ ಬಸ್ಸು ಹಿಡಿಯುವಂತೆ ಗದರಿಸಿದೆ. ಅವನು ಕದಲಲಿಲ್ಲ. ಎರಡೂ ಕಂಪೈಲರುಗಳ ಲೈಬ್ರರಿಗಳನ್ನು ಬೇರೆ ಬೇರೆ ಫೋಲ್ಡರುಗಳಲ್ಲಿಟ್ಟು, ಹಳೆಯದರ ದಾರಿಯನ್ನು ಅಕ್ಕನ ಪ್ರೋಗ್ರಾಮಿಗೆ ಮಾತ್ರ ತಿಳಿಸಿದ. ತನ್ನ ಮನೆಯ ಪಂಪುಗಳಿಗೂ ಈಗ ಬೇರೆ ಬೇರೆ ಪೈಪು ಹಾಕಿರುವನೆಂಬ ವರದಿಯನ್ನೂ ಒಪ್ಪಿಸಿದ. ಇದನ್ನು ಮೊದಲ ದಿನವೇ ಮಾಡಬಾರದಿತ್ತೇ?

ನಕಾಶೆ ತೆರೆಯಿತು. ಶಾಸನವೊಂದರ ತಿಥಿ ಕೊಟ್ಟೆ. ವಾರಕ್ಕೆ ಸರಿಯಾಗಿ ಹೊಂದಿತು. ಅದರ ಕೆಳಗೆ, ಲೆಕ್ಕ ಮುಗಿದಾಗಲೆಲ್ಲ ಬರುವಂತೆ ಅವಳು ಬರೆದಿಟ್ಟ ಸಾಲು, ಇಂಗ್ಲಿಷ್ ಅಕ್ಷರಗಳಲ್ಲಿ ಅವಳ ಕನ್ನಡ, ಎಂದಿನಂತೆ ಮೂಡಿತು: "ದಿನ ಸಿಕ್ಕಿತಲ್ಲ, ಇನ್ನು ಊಟಕ್ಕೆ ಏಳಿ."

ಭಾವಮೈದುನ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

"ಇನ್ನೊಂದು ಶಾಸನ ನೋಡುವಾ ಭಾವ?" ಎಂದ ಅವನು, ಮೆಲ್ಲಗೆ.

ನಾನು ಮತ್ತೆ ಸಿಡುಕಿದೆ. "ಅವಳು ಹೇಳಿಯಾಯಿತಲ್ಲ? ಏಳು ಮಾರಾಯ, ಊಟಕ್ಕೆ."