ಸರಕಾರಿ ವಸತಿ ಶಾಲೆಗೆ ಫಾರ್ಮ್ ತುಂಬಿದ್ದು

ಎಲ್ಲರ ಅರ್ಜಿಯನ್ನೂ ಫಾರ್ಮ್ ಇಲ್ಲದೆಯೇ ಓದಿಕೊಳ್ಳುವ ಮಹಾದೇವನಿಗೆ ಮೊದಲ ಶರಣು. ಆತನ ಗುಡಿಯ ಕಟ್ಟೆಯ ಮೇಲೆಯೇ ಇದೆಲ್ಲ ನಡೆಯಿತು. ನನ್ನ ತಪ್ಪುಗಳನ್ನು ಆತನಿಂದ ಮುಚ್ಚಿಡುವ ಹಾಗೂ ಇಲ್ಲ.

ನಾಸಿಕ್‌ನ ಸಾತಪುರದ ಕಾರ್ಖಾನೆಯೊಂದರಲ್ಲಿ ಟೈಮ್ ಕೀಪರ್ ಆಗಿದ್ದು ನಿವೃತ್ತನಾದವನು ನಾನು. ರವಿವಾರ ಭಜನೆ ಮುಗಿದ ಮೇಲೆ ಇಲ್ಲಿರುವ ನಮ್ಮ ಕನ್ನಡದ ಜನರಿಗೆ ಮೊಬೈಲಿನಲ್ಲಿ ಫಾರ್ಮ್ ತುಂಬಿಕೊಡುವುದು ನನ್ನ ಸೇವೆ. ರೇಷನ್ ಕಾರ್ಡಿನ ಫಾರ್ಮ್ ತುಂಬುವಾಗ ಏನೂ ಆಗುವುದಿಲ್ಲ. ಮಕ್ಕಳ ಶಾಲೆಯದನ್ನು ತೆಗೆದೆನೋ, ಎದೆ ಝಲ್ಲೆನ್ನುವಂಥದ್ದು ಪ್ರತಿ ವರ್ಷ ಒಂದಾದರೂ ಆಗಿಯೇ ತೀರುತ್ತದೆ. ಕಳೆದ ಸಲವಂತೂ ಒಂದರ ಹಿಂದೆ ಒಂದು ಆದವು.

ಶಾಲೆ ಎಂದರೆ ಸರಕಾರದ ವಸತಿ ಶಾಲೆ, ಜಿಲ್ಲೆಗೊಂದು. ಐದನೇ ಇಯತ್ತೆಯಲ್ಲಿ ಪರೀಕ್ಷೆ, ಅದೂ ಒಂದೇ ಸಲ. ಐದನೆಯದನ್ನು ಯಾವ ಜಿಲ್ಲೆಯಲ್ಲಿ ಓದುತ್ತಾರೋ ಆ ಜಿಲ್ಲೆಯ ಸೀಟಿಗೇ ಬರೆಯಬೇಕು. ಗೆದ್ದರೆ ಆರರಿಂದ ಹನ್ನೆರಡರ ತನಕ ಊಟ, ವಸತಿ, ಓದು ಎಲ್ಲ ಅಲ್ಲೇ. ಬರೆಯುವವರು ಒಂದು ಜಾತ್ರೆ, ಸೀಟು ಒಂದು ಬಸ್ಸು.

೧. ಛತ್ತಿನ ಮೇಲಿನ ಸಹಿ

ಸ್ಲ್ಯಾಬಿಗೆ ಹಲಗೆ ಕಟ್ಟುವ ಕಲಬುರಗಿ ಕಡೆಯ ಸೆಂಟ್ರಿಂಗ್ ಮಿಸ್ತ್ರಿಯೊಬ್ಬ ಮಗಳನ್ನು ಕರೆದುಕೊಂಡು ಬಂದ. ಹುಡುಗಿ ಬಲು ಚುರುಕು. ಆದರೆ ಅಪ್ಪನ ಬಿಲ್ಡಿಂಗ್ ಮುಗಿದ ಹಾಗೆಲ್ಲ ಆಕೆಯ ಶಾಲೆಯೂ ಮುಗಿಯುತ್ತಿತ್ತು. ಆಗಲೇ ಮೂರು ಶಾಲೆ ಆಗಿದ್ದವು.

"ಕಾಕಾರ, ಇದೊಂದು ಸೀಟ್ ಸಿಕ್ಕರ ಆಕಿ ಒಂದೇ ಕಡಿ ಕುಂತು ಓದ್ತಾಳ್ರಿ. ಇಲ್ಲಂದ್ರ ಈ ಬಿಲ್ಡಿಂಗ್ ಆದಕೂಡ್ಲೆ ಮತ್ತ ಬ್ಯಾರೆ ಊರು," ಎಂದ.

"ಆಗಲಿ ತಮ್ಮಾ. ತಂದೆ ಅಥವಾ ತಾಯಿಯ ಸಹಿ ಬೇಕು."

"ನಂದು ಹೆಬ್ಬಟ್ಟರಿ. ನನ್ನ ಹೇಣ್ತಿದೂ ಹೆಬ್ಬಟ್ಟು."

ಹೆಬ್ಬಟ್ಟು ಹಾಕಿದರೆ ಮಗಳ ಮರ್ಯಾದೆ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಮಗಳ ಹತ್ತಿರ ಮರಾಠಿಯಲ್ಲಿ ಹೆಸರು ಬರೆಸಿಕೊಂಡು ಒಂದು ವಾರ ಅಭ್ಯಾಸ ಮಾಡಿದ. ಬಿಡುವು ಸಿಕ್ಕಾಗೆಲ್ಲ ಇದ್ದಿಲಿನಿಂದ ಮಾಡಿದ್ದು, ಅದೂ ಸೆಂಟ್ರಿಂಗ್‌ನ ಪ್ಲೈವುಡ್ ಮೇಲೆ. ಅದರ ಮೇಲೆಯೇ ಸ್ಲ್ಯಾಬ್ ಹಾಕಿದರು. ಕೆಲವು ದಿನ ಬಿಟ್ಟು ಪ್ಲೈವುಡ್ ಬಿಚ್ಚಿ, ಇಂಜಿನಿಯರ್ ಸಾಹೇಬರು ತಲೆ ಎತ್ತಿ ನೋಡಿದರೆ, ಹಾಲ್‌ನ ಛತ್ತಿನ ತುಂಬ ಮಿಸ್ತ್ರಿಯ ಸಹಿ ತಿರುಗುಮುರುಗಾಗಿ ಮೂಡಿದೆ.

ಸಾಹೇಬರು ಕತ್ತು ಓರೆ ಮಾಡಿ ಅದನ್ನು ಓದಿದರಂತೆ. ಆಮೇಲೆ ಇಷ್ಟೇ ಕೇಳಿದರಂತೆ: "ಕೆಲಸ ಪಾಸ್ ಮಾಡಿ ಸಹಿ ಹಾಕೋದು ನಾನಲ್ವಾ?"

೨. ಅಲ್ಲಿ ಕಮ್ಮಿ, ಇಲ್ಲಿ ಕಮ್ಮಿ

ನಮ್ಮ ಗುಡಿಯ ಎದುರಿಗೆ ಬೀದರಿನವರೊಬ್ಬರ ಕಿರಾಣಿ ಅಂಗಡಿ. ಅವರ ದೊಡ್ಡ ಮಗನೂ ಐದನೆಯಲ್ಲಿದ್ದ. ಜೂನ್ ತಿಂಗಳಿಂದ ಹುಡುಗ ಭಜನೆಗೆ ಕಾಣಲಿಲ್ಲ. ಕೇಳಿದರೆ, "ಅಜ್ಜಿ ಊರಿಗಿ ಹೋಗ್ಯಾನ್ರಿ, ಹವಾ ಬದ್ಲಿಗಿ," ಎಂದರು. ಶಾಲೆಯ ದಿನಗಳಲ್ಲಿ ಎಂಥ ಹವಾ ಎಂದು ನಾನು ಕೇಳಲಿಲ್ಲ.

ದೀಪಾವಳಿ ಕಳೆದು ನಾನು ಸಂಭಾಜಿನಗರಕ್ಕೆ, ಅಂದರೆ ಹಳೆಯ ಔರಂಗಾಬಾದಿಗೆ, ಒಂದು ಗೃಹಪ್ರವೇಶಕ್ಕೆ ಹೋದೆ. ಮನೆಯವರು ಅಲ್ಲಿಯೇ ಶೇಂದ್ರಾದ ಕಾರ್ಖಾನೆಯ ಸೂಪರ್‌ವೈಸರ್, ನಮ್ಮ ಕಿರಾಣಿಯವರ ಭಾವಮೈದುನ. ಪಂಕ್ತಿಯಲ್ಲಿ ನನ್ನ ಲೋಟಕ್ಕೆ ನೀರು ಹಾಕಲು ಬಂದ ಹುಡುಗನ ಮುಖ ನೋಡಿ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಅದೇ ಹುಡುಗ.

"ಇಲ್ಲೇನು ಮಾಡ್ತಿ ಮಗಾ?"

"ಪಪ್ಪಾ ಇಕಡೇ ಶಾಲೆಗೆ ಹಾಕ್ಯಾರ ಅಜ್ಜಾ. ನಾಸಿಕ್‌ನಾಗ ಕಾಂಪಿಟಿಶನ್ ಭಾಳ ಅದ, ಇಲ್ಲಿ ಕಮ್ಮಿ ಅಂತ. ಯಾರಿಗೂ ಹೇಳಬ್ಯಾಡ ಅಂದಾರ."

ಊಟವಾದ ಮೇಲೆ ಸೂಪರ್‌ವೈಸರನ್ನು ಬದಿಗೆ ಕರೆದು, "ನಿಮಗೂ ಇವನ ವಾರಿಗೆಯ ಒಬ್ಬ ಮಗ ಇದ್ದನಲ್ಲ, ಕಾಣಸವೊಲ್ಲ?" ಎಂದೆ.

ಅವರು ಆಚೀಚೆ ನೋಡಿ ದನಿ ಇಳಿಸಿದರು. "ನಿಮ್ಮ ನಾಸಿಕ್‌ಗೇ ಕಳಿಸೀನ್ರಿ. ದೇವಳಾಲಿ ಕ್ಯಾಂಪ್‌ನಾಗ ನಮ್ಮ ತಮ್ಮ ಇದ್ದಾನ. ಇಲ್ಲಿ ಕಾಂಪಿಟಿಶನ್ ಭಾಳ ಅದ್ರಿ. ಅಲ್ಲಿ ಕಮ್ಮಿ. ನಮ್ಮ ಭಾವಗ ಮಾತ್ರ ಹೇಳಬ್ಯಾಡ್ರಿ."

ಮಹಾದೇವಾ, ಎರಡು ಜಿಲ್ಲೆಗಳಲ್ಲಿ ಒಂದು ಸೀಟಿನ ಪೈಪೋಟಿಯೂ ಕಮ್ಮಿಯಾಗಲಿಲ್ಲ. ಇಬ್ಬರು ತಾಯಂದಿರ ಮಕ್ಕಳು ಮಾತ್ರ ಇಡೀ ವರ್ಷ ಬೇರೆಯವರ ಮನೆಯ ರೊಟ್ಟಿ ತಿಂದರು.

೩. ನನ್ನ ಬೆರಳು

ಪರೀಕ್ಷೆಗೆ ಇಪ್ಪತ್ತು ದಿನ ಇರುವಾಗ ಮಿಸ್ತ್ರಿಯ ಮಗಳ ಹಾಲ್ ಟಿಕೆಟ್ ಬಂತು. ಕನ್ನಡಕ ಏರಿಸಿ ಓದಿದೆ. ಹೆಸರು ಸರಿ, ಫೋಟೋ ಸರಿ. ಕೆಳಗೆ ಪರೀಕ್ಷೆಯ ಮಾಧ್ಯಮ: ಕನ್ನಡ.

ಕಟ್ಟೆಯ ಮೇಲೆ ಕೂತಿದ್ದೆನಾದ್ದರಿಂದ ಬೀಳಲಿಲ್ಲ. ಹುಡುಗಿ ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಒಂದೂ ಬಾರದು. ಫಾರ್ಮಿನ ಪಟ್ಟಿಯಲ್ಲಿ ಮರಾಠಿ, ಹಿಂದಿಯ ಜೊತೆಗೆ ಕನ್ನಡವನ್ನೂ ಕಂಡು, ಎಷ್ಟೋ ವರ್ಷ ಪರನಾಡಿನಲ್ಲಿ ಕಳೆದವನ ಬೆರಳು ಪ್ರೀತಿಯಿಂದ ತಾನಾಗಿ ಅಲ್ಲಿಗೆ ಹೋಗಿರಬೇಕು. ತಿದ್ದುವ ಗಡುವು ಎಂದೋ ದಾಟಿತ್ತು.

ಮಿಸ್ತ್ರಿಯ ಶೆಡ್ಡಿಗೆ ಹೋಗಿ, ಹಾಲ್ ಟಿಕೆಟ್ ಮುಂದಿಟ್ಟು, ಕೈ ಮುಗಿದು ತಪ್ಪೊಪ್ಪಿಕೊಂಡೆ. ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಒಲೆಯ ಮುಂದೆ ಅವನ ಹೆಂಡತಿ ಇದ್ದಳು. ಅಷ್ಟು ದಿನದಲ್ಲಿ ನನ್ನೆದುರು ಒಂದು ಮಾತೂ ಆಡದವಳು. ಎದ್ದು ಬಂದು ಕಾಗದ ತೆಗೆದುಕೊಂಡು, ಕೆಳಗೆ ಸಣ್ಣಕ್ಷರದಲ್ಲಿ ಕನ್ನಡದಲ್ಲಿದ್ದ ಸೂಚನೆಗಳನ್ನು ಗಡಗಡ ಓದಿದಳು.

ಮಿಸ್ತ್ರಿ ಬೆಚ್ಚಿ ನೋಡಿದ. "ನಿನಗ ಓದಲಿಕ್ ಬರ್ತದ?"

"ಏಳನೇತ್ತ ತನ ಓದೀನಿ."

"ಮದಿವ್ಯಾಗಿ ಹನ್ನೆರ್ಡು ವರ್ಷ ಆಯ್ತು, ಒಂದಿನ ಹೇಳಿಲ್ಲಲ್ಲ."

"ಹನ್ನೆರ್ಡು ವರ್ಷದಾಗ ನೀವು ಕನ್ನಡದಾಗ ಏನರ ತಂದು ಕೈಯಾಗ ಕೊಟ್ಟೀರೇನು? ಇಲ್ಲಿ ಬೋರ್ಡ್ ಎಲ್ಲಾ ಮರಾಠಿ. ಓದಲಿಕ್ ಬರಂಗಿಲ್ಲ ಅಂತ ನೀವೇ ತಿಳ್ಕೊಂಡ್ರಿ, ನೀವೇ ಊರಿಗೆಲ್ಲಾ ಹೇಳಿದ್ರಿ."

ಮಿಸ್ತ್ರಿ ನನ್ನ ಮುಖ ನೋಡಿದ. ನಾನು ಗುಡಿಯ ಕಡೆ ನೋಡಿದೆ.

೪. ಪಾಠ ಮತ್ತು ಪರೀಕ್ಷೆ

ಆ ತಾಯಿ ಮರುದಿನದಿಂದ ಪಾಠ ಹಿಡಿದಳು. ಪುಸ್ತಕವಿಲ್ಲ. ನನ್ನ ಮನೆಯಲ್ಲಿದ್ದ ಕನ್ನಡ ಕ್ಯಾಲೆಂಡರು, ಭಜನೆಯ ಪುಸ್ತಕ, ಹಳೆಯ ಲಗ್ನಪತ್ರಿಕೆಗಳ ಕಟ್ಟು ಎಲ್ಲ ಕೊಟ್ಟೆ. ಒಂದು ವಾರದಲ್ಲಿ ಹುಡುಗಿ ನನಗೇ ಆ ದಿನದ ರಾಹುಕಾಲ ಹೇಳುತ್ತಿದ್ದಳು. ಮಾತು ಮೊದಲೇ ಬರುತ್ತಿದ್ದುದರಿಂದ ಅಕ್ಷರ ಬೇಗ ಹತ್ತಿತು. ಒಂದೇ ತಕರಾರು.

"ಅವ್ವಾ, 'ಅವರು ಆಗಮಿಸುತ್ತಾರೆ' ಅಂತ ಬರದಾರ. ಹಿಂಗ ಯಾರು ಮಾತಾಡ್ತಾರ?"

"ಯಾರೂ ಮಾತಾಡಂಗಿಲ್ಲ. ಕಾಗದದಾಗ ಅಷ್ಟೇ. ಮುಂದ ಓದು."

ಪರೀಕ್ಷೆಯ ದಿನ ಗೇಟಿನ ಹೊರಗೆ ಮಿಸ್ತ್ರಿ ಬೀಡಿ ಸೇದಲೂ ಮರೆತು ನಿಂತಿದ್ದ. ತಾಯಿ ಉಪವಾಸ. ನಾನು ಜಪ ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿ ಮೂರು ಸಲ ಮೊದಲಿಂದ ಶುರು ಮಾಡಿದೆ.

ಹೊರಗೆ ಬಂದ ಹುಡುಗಿ ಹೇಳಿದ್ದಿಷ್ಟು: "ಪೂರಾ ಸೆಂಟರ್‌ನಾಗ ಕನ್ನಡ ಪೇಪರ್ ನಂದೊಂದೇ. ಮೇಡಮ್ ಉಲ್ಟಾ ಹಿಡ್ದು ಕೊಟ್ರು. ನಾ ಸೀದಾ ಮಾಡ್ಕೊಂಡೆ. ಅವ್ರು ನನ್ನ ಹಿಂದ ನಿಂತು, ಉಲ್ಟಾ ಯಾಕ್ ಹಿಡ್ದಿ ಅಂತ ತಿರುಗಿ ಉಲ್ಟಾ ಮಾಡಿದ್ರು."

೫. ಫಲಿತಾಂಶ

ಫಲಿತಾಂಶ ಬಂತು. ಕಿರಾಣಿಯವರ ಮಗನಿಗೂ ಸೂಪರ್‌ವೈಸರರ ಮಗನಿಗೂ ಸಿಗಲಿಲ್ಲ, ಪಾಪ. ಇಬ್ಬರೂ ತಂತಮ್ಮ ಮನೆಗೆ ಮರಳಿದರು. ಮಿಸ್ತ್ರಿಯ ಮಗಳ ನಂಬರು ಪಟ್ಟಿಯಲ್ಲಿತ್ತು. ನಾನು ಎರಡು ಸಲ ಓದಿದೆ. ನನ್ನ ಕಣ್ಣಿನ ಮೇಲೆ ನಂಬಿಕೆ ಇಲ್ಲದೆ ತಾಯಿಯ ಕೈಗೂ ಕೊಟ್ಟೆ. ಆಕೆ ಅಂಕಿಗಳ ಮೇಲೆ ಬೆರಳಾಡಿಸಿ ನೋಡಿ, ಸೆರಗಿನಿಂದ ಮುಖ ಮುಚ್ಚಿಕೊಂಡು ಗುಡಿಯೊಳಗೆ ಹೋದಳು. ಮಿಸ್ತ್ರಿ ಗುಡಿಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತ. ತಪ್ಪಿದ ಬೆರಳನ್ನೂ ನಡೆಸುವವನು ಒಬ್ಬನಿದ್ದಾನೆ ಎಂದು ನಾನೂ ಕಣ್ಣು ಒರೆಸಿಕೊಂಡೆ.

ಮುಂದಿನ ರವಿವಾರ ಕಿರಾಣಿಯವರು ಈಗ ಐದನೆಗೆ ಬಂದ ಸಣ್ಣ ಮಗನ ಕೈ ಹಿಡಿದು ಎಲ್ಲರಿಗಿಂತ ಮೊದಲು ಬಂದರು. ಆಚೀಚೆ ನೋಡಿ ದನಿ ಇಳಿಸಿದರು.

"ಕಾಕಾರ, ನಮ್ಮ ಸಣ್ಣಾವಂದು ಕನ್ನಡದಾಗೇ ಭರ್ತಿ ಮಾಡ್ರಿ. ಗುಟ್ಟು ಈಗ ತಿಳೀತು. ಅದ್ರಾಗ ಕಾಂಪಿಟಿಶನ್ ಕಮ್ಮಿ."

"ಯಪ್ಪಾ, ಇವಂಗ ಕನ್ನಡ ಓದಲಿಕ್ಕೆ ಬರ್ತದೇನು?"

"ಅದೆಲ್ಲಾ ಆಯ್ತು ಬಿಡ್ರಿ. ಮಿಸ್ತ್ರಿ ಹೇಣ್ತಿ ಹಂತೇಲಿ ಟ್ಯೂಶನ್ ಹಚ್ಚೀನಿ."

ಅದು ಗುಟ್ಟಲ್ಲ, ನನ್ನ ಬೆರಳಿನ ತಪ್ಪು ಎಂದು ಬಿಡಿಸಿ ಹೇಳೋಣವೆಂದು ಸಂಜೆ ಶೆಡ್ಡಿಗೆ ಹೋದೆ. ಹೊರಗೆ ಏಳೆಂಟು ಜೋಡು ಚಪ್ಪಲಿ. ಒಳಗೆ ಸಾಲಾಗಿ ಮಕ್ಕಳು ಅ ಆ ಇ ಈ ತಿದ್ದುತ್ತಿದ್ದರು. ಬಾಗಿಲಲ್ಲಿ ನನ್ನ ಹಳೆಯ ಕಾರ್ಖಾನೆಯ ಫಿಟರ್, ಹುಟ್ಟಾ ಮರಾಠಿಯವರು, ಮೊಮ್ಮಗನ ಪಾಟಿ ಹಿಡಿದು ನಿಂತಿದ್ದರು. ಕನ್ನಡದಲ್ಲಿ ಅವರಿಗೆ ನಮಸ್ಕಾರ ಕೂಡ ಬಾರದು.

"ಸಾಹೇಬ, ತುಮ್ಹಿ ಇಥೆ?" ಎಂದೆ, ನೀವು ಇಲ್ಲಿ ಹೇಗೆ ಎಂದು.

ಅವರು ನನ್ನನ್ನು ಬದಿಗೆ ಎಳೆದು ಮರಾಠಿಯಲ್ಲಿ ಪಿಸುಗುಟ್ಟಿದರು: "ಮೆಲ್ಲಗೆ ಮಾತಾಡಿ. ಈ ವಿಷಯ ನಿಮ್ಮ ಕನ್ನಡದವರಿಗೆ ಗೊತ್ತಾದರೆ ಕಾಂಪಿಟಿಶನ್ ಜಾಸ್ತಿಯಾಗುತ್ತದೆ."

ಇದನ್ನು ಕೇಳಿದ ನಿಮ್ಮೆಲ್ಲರ ಮಕ್ಕಳಿಗೂ ಕೂರಲು ಒಂದು ಬೆಂಚು, ಓದಲು ಒಂದು ಅಕ್ಷರ, ಹಿಡಿದ ಕೈ ಬಿಡದ ಒಬ್ಬ ತಾಯಿಯನ್ನು ಮಹಾದೇವ ಕರುಣಿಸಲಿ. ಎಲ್ಲರಿಗೂ ಒಳ್ಳೆಯದಾಗಲಿ.